ಒಂದು ಹಿಡಿ ಸಿಗಡಿ, ಒಂದು ಕಟ್ಟು ಬಸಳೆ

ಬೆಂಗಳೂರಿನಲ್ಲಿ ಮನೆ ಮಾಡಿದ ಮೊದಲ ವರ್ಷ ಊರಿಂದ ತಮ್ಮ ಬಂದಿದ್ದ. ಅವನಿಗೆಂದು ಅರ್ಧ ಕಿಲೋ ದೊಡ್ಡ ಸಿಗಡಿ ತಂದೆ. ಅಂಗಡಿಯಲ್ಲೇ ತಲೆ ತೆಗೆದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನೂಲು ಎಳೆದು ಕೊಟ್ಟಿದ್ದರು. ಕಾಯಿ ಹೆರೆದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಚೂರು ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದು, ಅರಸಿನ, ಹುಣಸೆಹುಳಿ, ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ಅರೆದೆ. ಎಲ್ಲವೂ ಅಮ್ಮ ಮಾಡುವ ಹಾಗೆಯೇ. ಬಸಳೆ ಮಾತ್ರ ಹಾಕಲಿಲ್ಲ. ಸಿಗಡಿ ಸಾಲದೆ ಹೋದಾಗ ಪದಾರ್ಥ ಹೆಚ್ಚು ಮಾಡಲಿಕ್ಕೆ ಅಮ್ಮ ಬಸಳೆ ಹಾಕುತ್ತಾಳೆ ಎಂದೇ ನಾನು ತಿಳಿದಿದ್ದೆ. ಇಷ್ಟು ದಿನಕ್ಕೆ ತಮ್ಮ ಬಂದಿದ್ದಾನೆ, ಅವನ ತಟ್ಟೆಗೆ ಸೊಪ್ಪಿನ ದಂಟು ಬಡಿಸುವುದೇ?

ತಮ್ಮ ಉಂಡ. "ಒಳ್ಳೆದಾಗಿದೆ ಅಕ್ಕ" ಅಂದ. ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಅವನ ಮಾತಿಗಿಂತ ಆ ತಟ್ಟೆಯೇ ನಿಜ ಹೇಳಿತು. ನಾನೂ ಉಂಡು ನೋಡಿದೆ. ಖಾರ ಇತ್ತು, ಹುಳಿ ಇತ್ತು, ಉಪ್ಪು ಸರಿಯಾಗಿತ್ತು, ಸಿಗಡಿಯಂತೂ ತುತ್ತಿಗೆರಡು ಸಿಗುತ್ತಿತ್ತು. ಆದರೆ ಅರೆಪು ಅದರ ಪಾಡಿಗೆ ಅದು, ಸಿಗಡಿ ಅದರ ಪಾಡಿಗೆ ಅದು. ನಾಲಿಗೆಯ ಬುಡದಲ್ಲಿ ಕೂತು, ಇನ್ನೊಂದು ಮುಷ್ಟಿ ಅನ್ನ ಕೇಳುವ ಆ ಒಂದು ಗುಣ ಇರಲಿಲ್ಲ.

ರಾತ್ರಿ ಅಮ್ಮನಿಗೆ ಫೋನು ಮಾಡಿದೆ.

"ಬಸಳೆ ಹಾಕ್ಲಿಲ್ವಾ?"

"ಸಿಗಡಿ ಬೇಕಾದಷ್ಟಿತ್ತಮ್ಮ."

"ಮತ್ತೆ ರುಚಿ ಎಲ್ಲಿಂದ ಬರ್ಬೇಕು ಮಾರಾಯ್ತಿ?"

ಅಷ್ಟು ಹೇಳಿ ಅವಳು ಬೇರೆ ಮಾತಿಗೆ ಹೋದಳು. ನನಗೆ ಆ ಪ್ರಶ್ನೆ ಅಲ್ಲೇ ಉಳಿಯಿತು. ಅರ್ಧ ಕಿಲೋ ಸಿಗಡಿಯಿಂದ ಬಾರದ ರುಚಿ ಒಂದು ಹಿಡಿ ಸಿಗಡಿಯಿಂದ ಬರುವುದು ಹೇಗೆ? ಅದೂ, ತನ್ನಷ್ಟಕ್ಕೆ ಹೆಚ್ಚೇನೂ ರುಚಿಯಿಲ್ಲದ, ಲೋಳೆ ಲೋಳೆಯಾದ ಒಂದು ಸೊಪ್ಪು ಜೊತೆಗಿದ್ದ ಮಾತ್ರಕ್ಕೆ?

ನಮ್ಮ ಕಡೆ, ಅಂದರೆ ಕರಾವಳಿಯಲ್ಲಿ, ಸಿಗಡಿಗೆ ಹಲವು ಹೆಸರು. ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ, ಕುಂದಾಪುರದ ಕಡೆ ಚಟ್ಲಿ. ಹೆಸರು ಯಾವುದೇ ಇರಲಿ, ಮನೆಯ ಅಡುಗೆಯಲ್ಲಿ ಅದು ಒಂಟಿಯಾಗಿ ಬರುವುದು ಕಡಿಮೆ. ಬಸಳೆಯ ಜೊತೆ, ನುಗ್ಗೆಕಾಯಿಯ ಜೊತೆ, ಹಲಸಿನ ಬೀಜದ ಜೊತೆ, ಮಾವಿನಕಾಯಿಯ ಜೊತೆ ಬರುತ್ತದೆ. ಮಳೆಗಾಲದಲ್ಲಂತೂ ಒಣ ಸಿಗಡಿ ಮತ್ತು ಸೌತೆಕಾಯಿ. ಕರ್ನಾಟಕದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ನೀರಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ಆ ದಿನಗಳಿಗೆಂದು ಬೇಸಿಗೆಯಲ್ಲೇ ಒಣಗಿಸಿ ಡಬ್ಬಿಗೆ ತುಂಬಿಸಿದ ಸಿಗಡಿಯನ್ನು ಅಳೆದು ಅಳೆದು ತೆಗೆಯಬೇಕು. ಏಳು ಜನ ಉಣ್ಣುವ ಮನೆಗೆ ಒಂದು ಹಿಡಿ. ಉಳಿದದ್ದೆಲ್ಲ ತರಕಾರಿ ಮತ್ತು ತೆಂಗಿನಕಾಯಿ. ಹಾಗಾಗಿ ಈ ಜೋಡಿ ಬಡತನದ ಲೆಕ್ಕ ಎಂದು ನಾನು ತಿಳಿದಿದ್ದರಲ್ಲಿ ಆಶ್ಚರ್ಯವಿಲ್ಲ. ಅಮ್ಮನನ್ನು ಕೇಳಿದರೆ ಅವಳೂ ಹಾಗೆಯೇ ಹೇಳುತ್ತಾಳೆ: "ಎಟ್ಟಿ ಎಷ್ಟಿರ್ತದೆ, ಜನ ಎಷ್ಟಿರ್ತಾರೆ!"

ಆದರೆ ಲೆಕ್ಕಕ್ಕೆಂದು ಸೇರಿಸಿದ್ದು ರುಚಿಗೂ ಬೇಕಾದದ್ದು ಹೇಗಾಯಿತು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಊರಿನಿಂದ ಬಹಳ ದೂರದಲ್ಲಿ, ಜಪಾನಿನ ಒಂದು ಬಟ್ಟಲು ಸಾರಿನಲ್ಲಿ.

ಕಿಕುನಾಯೆ ಇಕೆಡಾ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದವರು. ಜಪಾನಿನ ಮನೆಗಳಲ್ಲಿ ಹೆಚ್ಚಿನ ಅಡುಗೆಗೂ ಬುಡ ದಾಶಿ ಎಂಬ ತಿಳಿಸಾರು. ಕೊಂಬು ಎಂಬ ಕಡಲಪಾಚಿಯ ಅಗಲ ಪಟ್ಟಿಯನ್ನು ನೀರಲ್ಲಿ ಬಿಸಿಮಾಡಿ ತೆಗೆದುಬಿಡುತ್ತಾರೆ, ಆ ನೀರೇ ಸಾರು. ಆ ಸಾರಿನ ರುಚಿ ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯಲ್ಲ. ಈ ನಾಲ್ಕರ ಬೆರಕೆಯೂ ಅಲ್ಲ. ಹಾಗಾದರೆ ಏನು ಎಂಬುದು ಇಕೆಡಾ ಅವರ ಪ್ರಶ್ನೆ.

1908ರಲ್ಲಿ ಅವರು ಕಿಲೋಗಟ್ಟಲೆ ಕೊಂಬುವನ್ನು ನೀರಲ್ಲಿ ನೆನೆಸಿ, ಆ ನೀರನ್ನು ಇಂಗಿಸಿ, ಅದರಲ್ಲಿರುವುದನ್ನು ಒಂದೊಂದಾಗಿ ಹರಳುಗಟ್ಟಿಸಿ ತೆಗೆಯುತ್ತ ಹೋದರು. ಒಣ ಕೊಂಬುವಿನ ಮೇಲೆ ಬಿಳಿ ಪುಡಿ ಕಾಣುತ್ತದಲ್ಲ, ಅದು ಮ್ಯಾನಿಟಾಲ್. ತುಸು ಸಿಹಿ, ತಾವು ಹುಡುಕುವುದು ಅದಲ್ಲ. ಉಪ್ಪುಗಳನ್ನು ತೆಗೆದರು, ಅವೂ ಅಲ್ಲ. ಒಂದೊಂದನ್ನು ತೆಗೆದಾಗಲೂ ಉಳಿದ ದ್ರವವನ್ನು ನಾಲಿಗೆಗೆ ಮುಟ್ಟಿಸಿ ನೋಡಬೇಕು. ಬೇರೆ ಅಳತೆಗೋಲು ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಸುಮಾರು 30 ಗ್ರಾಂ ಹರಳು. ನೋಡಿದರೆ ಅದು ಹೊಸ ವಸ್ತುವೇ ಅಲ್ಲ. ಜರ್ಮನಿಯ ರಿಟ್‌ಹೌಸೆನ್ 1866ರಲ್ಲೇ ಗೋಧಿಯ ಅಂಟಿನಿಂದ ತೆಗೆದಿದ್ದ ಗ್ಲುಟಾಮಿಕ್ ಆಮ್ಲ. ನಲವತ್ತು ವರ್ಷ ಅದು ಶೀಸೆಗಳಲ್ಲಿತ್ತು. ಆಮ್ಲವಾಗಿದ್ದಾಗ ಅದರದ್ದು ಸಪ್ಪೆ ಹುಳಿ. ಆ ಹುಳಿ ಮುರಿದು ಲವಣವಾದಾಗ, ಅಂದರೆ ಗ್ಲುಟಮೇಟ್ ಆದಾಗ, ಸಾರಿನ ಆ ರುಚಿ ಹೊರಬರುತ್ತದೆ. ಜಪಾನಿ ಭಾಷೆಯಲ್ಲಿ ರುಚಿಯಾಗಿದೆ ಅನ್ನಲು ಉಮಾಯ್ ಎಂಬ ಮಾತಿದೆ. ಅದರಿಂದ ಅವರು ಉಮಾಮಿ ಎಂಬ ಹೆಸರು ಕಟ್ಟಿದರು.

ಇಲ್ಲಿಗೆ ಕತೆ ಮುಗಿದಿದ್ದರೆ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ದಾಶಿಯಲ್ಲಿ ಕೊಂಬು ಒಂದೇ ಇರುವುದಿಲ್ಲ. ಕಾತ್ಸುವೊಬುಶಿಯೂ ಇರುತ್ತದೆ. ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಮೀನು ಅದು, ಕೀಸುಳಿಯಲ್ಲಿ ಕೀಸಿಯೇ ತೆಗೆಯಬೇಕು. ನಮ್ಮ ಲಕ್ಷದ್ವೀಪದ ಮಿನಿಕಾಯಿಯಲ್ಲಿ ಮಾಡುವ ಮಾಸ್ ಮೀನು ಅದರ ದಾಯಾದಿ. 1913ರಲ್ಲಿ ಇಕೆಡಾ ಅವರ ಶಿಷ್ಯ ಶಿಂತಾರೊ ಕೊಡಾಮಾ ಈ ಒಣಮೀನನ್ನು ಕೈಗೆತ್ತಿಕೊಂಡರು. ಸಿಕ್ಕಿದ್ದು ಇನೊಸಿನೇಟ್, ಬೇರೆಯೇ ಜಾತಿಯ ವಸ್ತು. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ, ಪ್ರಾಣಿ ಸತ್ತ ಮೇಲೆ ಒಡೆಯುತ್ತ ಒಡೆಯುತ್ತ ಆಗುವ ತುಂಡುಗಳಲ್ಲಿ ಇದೊಂದು. ಆದರೆ ರುಚಿ ಬರುವುದು ಇದರ ಜೊತೆಗೆ ಅಂಟಿಕೊಂಡ ಅಮೈನೊ ಆಮ್ಲ ಹಿಸ್ಟಿಡಿನ್‌ನಿಂದಲೂ ಹೌದು ಎಂದು ಕೊಡಾಮಾ ಭಾವಿಸಿದರು. ಅಷ್ಟಕ್ಕೇ ಅದು ನಿಂತಿತು.

ನಿಂತದ್ದು ನಲವತ್ತನಾಲ್ಕು ವರ್ಷ. 1957ರಲ್ಲಿ ಅಕಿರಾ ಕುನಿನಾಕಾ ಎಂಬ ಸಂಶೋಧಕರು, ಚೋಶಿ ಎಂಬ ಊರಿನ ಸೋಯಾ ಸಾಸ್ ಕಂಪನಿ ಯಾಮಾಸಾದಲ್ಲಿದ್ದವರು, ಯೀಸ್ಟಿನ ಆರ್‌ಎನ್‌ಎಯನ್ನು ಒಡೆದು ಇದೇ ಜಾತಿಯ ವಸ್ತುಗಳನ್ನು ತಯಾರಿಸುತ್ತಿದ್ದರು. ಒಂದು ವಿಚಿತ್ರ ಅವರ ಕಣ್ಣಿಗೆ ಬಿತ್ತು. ಈ ವಸ್ತುವಿನಲ್ಲಿ ಫಾಸ್ಫೇಟಿನ ಒಂದು ತುಣುಕು ಸಕ್ಕರೆಯ ಉಂಗುರಕ್ಕೆ ಅಂಟಿಕೊಂಡಿರುತ್ತದೆ. ಎರಡನೆಯದೋ ಮೂರನೆಯದೋ ಇಂಗಾಲಕ್ಕೆ ಅಂಟಿದ್ದರೆ ರುಚಿಯಿಲ್ಲ. ಐದನೆಯದಕ್ಕೆ ಅಂಟಿದ್ದರೆ ರುಚಿ. ಉಳಿದೆಲ್ಲವೂ ಒಂದೇ. ಇನೊಸಿನೇಟಿನ ಹಾಗೆಯೇ ಗ್ವಾನಿಲೇಟ್ ಎಂಬ ಇನ್ನೊಂದಕ್ಕೂ ಈ ಗುಣವಿದೆ ಎಂದು ಅವರು ಕಂಡರು. ಹಿಸ್ಟಿಡಿನ್‌ಗೆ ಇದರಲ್ಲಿ ಪಾತ್ರವಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದು ಸಿಕ್ಕಿತು. ಗ್ಲುಟಮೇಟನ್ನೂ ಇವುಗಳಲ್ಲೊಂದನ್ನೂ ಬೆರೆಸಿದರೆ ರುಚಿ ಎರಡರ ಮೊತ್ತವಾಗಿ ನಿಲ್ಲುವುದಿಲ್ಲ, ಗುಣಾಕಾರದಂತೆ ಏರುತ್ತದೆ. ಸಮಪ್ರಮಾಣದಲ್ಲಿ ಬೆರೆಸಿದಾಗ ಏಳೆಂಟು ಪಟ್ಟು. 1967ರಲ್ಲಿ ಶಿಜುಕೊ ಯಾಮಾಗುಚಿ ಎಂಬ ವಿಜ್ಞಾನಿ ಇದನ್ನು ಜನರಿಗೆ ರುಚಿ ನೋಡಿಸಿ, ಅಳೆದು, ಸೂತ್ರವಾಗಿಯೇ ಬರೆದಿಟ್ಟರು. ಇನೊಸಿನೇಟ್ ತೀರ ಸ್ವಲ್ಪ ಇದ್ದರೂ ಸಾಕು, ಗ್ಲುಟಮೇಟಿನ ಬಲ ಜೋರಾಗಿ ಏರುತ್ತದೆ.

ಈ ಭಾಗ ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತೆ. ತೀರ ಸ್ವಲ್ಪ ಇದ್ದರೂ ಸಾಕು. ಏಳು ಜನಕ್ಕೆ ಒಂದು ಹಿಡಿ!

1908ರಿಂದ 1957ರವರೆಗೆ, ಸುಮಾರು ಅರ್ಧ ಶತಮಾನ, ವಿಜ್ಞಾನ ಈ ಎರಡನ್ನೂ ಬೇರೆ ಬೇರೆ ಶೀಸೆಯಲ್ಲಿಟ್ಟು ನೋಡುತ್ತಿತ್ತು. ಜಪಾನಿನ ಅಡುಗೆಮನೆಗಳಲ್ಲಿ ಅಷ್ಟೂ ವರ್ಷ ಅವು ದಿನ ಬೆಳಗಾದರೆ ಒಂದೇ ಪಾತ್ರೆಯಲ್ಲಿದ್ದವು. ಬೇರ್ಪಡಿಸದೆ ಹೋಗಿದ್ದರೆ ಗ್ಲುಟಮೇಟ್ ಸಿಗುತ್ತಿರಲಿಲ್ಲ, ನಿಜ. ಆದರೆ ಕೂಡಿಸದೆ ಇದ್ದಷ್ಟು ಕಾಲವೂ ಮುಖ್ಯವಾದದ್ದು ಸಿಗಲಿಲ್ಲ. ತಮ್ಮ ಬಂದ ದಿನ ನಾನು ಮಾಡಿದ್ದೂ ಬೇರ್ಪಡಿಸುವ ಕೆಲಸವನ್ನೇ.

ನಾಲಿಗೆಯ ಮೇಲೆ ಇದು ನಡೆಯುವುದು ಹೇಗೆಂಬುದು ಇನ್ನೂ ತಡವಾಗಿ ತಿಳಿಯಿತು. 2000ದಲ್ಲಿ ಮಯಾಮಿ ವಿಶ್ವವಿದ್ಯಾಲಯದ ನಿರುಪಾ ಚೌಧರಿ ಮತ್ತು ಸಂಗಡಿಗರು ಗ್ಲುಟಮೇಟ್ ಗುರುತಿಸುವ ಒಂದು ಗ್ರಾಹಕವನ್ನು ರುಚಿಮೊಗ್ಗುಗಳಲ್ಲಿ ಕಂಡರು. 2002ರ ಹೊತ್ತಿಗೆ ಎರಡು ಪ್ರೋಟೀನುಗಳು ಜೋಡಿಯಾಗಿ ಆದ ಮತ್ತೊಂದು ಗ್ರಾಹಕ ಗೊತ್ತಾಯಿತು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದು ಕೆಲಸ ಮಾಡುವ ರೀತಿಯನ್ನು ವಿವರಿಸಿತು. ನಮ್ಮ ಹೊಳೆಬಾಯಲ್ಲಿ ಸಿಗುವ ಮರುವಾಯಿಯ ಎರಡು ಚಿಪ್ಪು ನೆನಪು ಮಾಡಿಕೊಳ್ಳಿ. ಗ್ರಾಹಕದ ಆಕಾರ ಹಾಗೆಯೇ. ಚಿಪ್ಪುಗಳು ಕೂಡುವ ಬುಡದಲ್ಲಿ ಗ್ಲುಟಮೇಟ್ ಬಂದು ಕೂರುತ್ತದೆ, ಚಿಪ್ಪು ಮುಚ್ಚುತ್ತದೆ, ಮೆದುಳಿಗೆ ಸುದ್ದಿ ಹೋಗುತ್ತದೆ. ಮತ್ತೆ ಬಾಯಿ ತೆರೆದರೆ ಸುದ್ದಿ ನಿಂತಿತು. ಇನೊಸಿನೇಟ್ ಬಂದು ಕೂರುವುದು ಚಿಪ್ಪಿನ ಬಾಯಿಯ ಹತ್ತಿರ. ಮುಚ್ಚಿದ ಚಿಪ್ಪು ತೆರೆಯದ ಹಾಗೆ ಅದು ಹಿಡಿದುಕೊಳ್ಳುತ್ತದೆ. ಒಂದು ಮುಚ್ಚುತ್ತದೆ, ಇನ್ನೊಂದು ಅಗುಳಿ ಹಾಕುತ್ತದೆ.

ಇಷ್ಟು ತಿಳಿದ ಮೇಲೆ ಸಿಗಡಿಗೆ ಬರಬೇಕು. ಮೀನಿನಲ್ಲಿ ಎಟಿಪಿ ಬೇಗ ಒಡೆದು ಇನೊಸಿನೇಟ್ ಆಗುತ್ತದೆ. ಸಿಗಡಿ, ಏಡಿಗಳಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಹಿಂದೆ, ಅಡೆನಿಲೇಟ್ ಎಂಬಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇದಕ್ಕೂ ಗ್ಲುಟಮೇಟನ್ನು ಎತ್ತಿಹಿಡಿಯುವ ಗುಣವಿದೆ. ದಿನ ಕಳೆದಂತೆ ಈ ಮೆಟ್ಟಿಲುಗಳೆಲ್ಲ ಇಳಿದು ಕೊನೆಗೆ ಉಳಿಯುವುದು ಹೈಪೊಕ್ಸಾಂಥಿನ್, ಅದು ಕಹಿ. ದೂರದಿಂದ ಐಸಿನಲ್ಲಿ ಬಂದ ಸಿಗಡಿ ಹಾಳಾಗಿರದೆ ಇದ್ದರೂ ಸಪ್ಪೆಯೆನಿಸುವುದಕ್ಕೆ ಇದೊಂದು ಕಾರಣ. ಇನ್ನು ಸಿಗಡಿಯ ಆ ಸಿಹಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಷ್ಟು ಉಪ್ಪಿನ ನಡುವೆ ಬದುಕುವ ಪ್ರಾಣಿ ತನ್ನ ಮೈಯ ನೀರು ಹೊರಕ್ಕೆ ಸೋರದಂತೆ ಜೀವಕೋಶಗಳಲ್ಲಿ ಬಿಡಿ ಅಮೈನೊ ಆಮ್ಲಗಳನ್ನು ಕೂಡಿಟ್ಟುಕೊಳ್ಳುತ್ತದೆ. ಅದರಲ್ಲಿ ಬಹುಪಾಲು ಗ್ಲೈಸಿನ್, ಅದು ಸಿಹಿ. ಕಡಲಿನ ಉಪ್ಪೇ ಸಿಗಡಿಯ ಮೈಯಲ್ಲಿ ಸಿಹಿಯಾಗಿದೆ ಎಂದು ತಿಳಿದಾಗ ನನಗಾದ ಸಂತೋಷ ಇಷ್ಟಿಷ್ಟಲ್ಲ.

ಏಡಿಯ ಮೇಲೆ ಜಪಾನಿನಲ್ಲಿ ಒಂದು ಚೆಂದದ ಪ್ರಯೋಗ ನಡೆದಿದೆ. ಹಯಾಶಿ, ಯಾಮಾಗುಚಿ, ಕೊನೊಸು ಎಂಬ ಮೂವರು 1981ರಲ್ಲಿ ಪ್ರಕಟಿಸಿದ್ದು. ಬೇಯಿಸಿದ ಏಡಿಯ ಸಾರದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆದು, ಅವೇ ರಾಸಾಯನಿಕಗಳನ್ನು ನೀರಲ್ಲಿ ಬೆರೆಸಿ ಏಡಿಯಿಲ್ಲದೆ ಏಡಿಯ ರುಚಿ ಮಾಡಿದರು. ಆಮೇಲೆ ಪ್ರತಿ ಸಲ ಒಂದೊಂದನ್ನೇ ಬಿಟ್ಟು ಮತ್ತೆ ರುಚಿ ನೋಡಿದರು. ಯಾವುದನ್ನು ಬಿಟ್ಟರೆ ವ್ಯತ್ಯಾಸ ಗೊತ್ತಾಗುವುದಿಲ್ಲವೋ ಅದು ಬೇಡ. ಹತ್ತಾರು ವಸ್ತುಗಳು ಹೀಗೆ ಹೊರಬಿದ್ದವು. ಇರಲೇಬೇಕು ಎಂದು ಉಳಿದವುಗಳಲ್ಲಿ ಗ್ಲೈಸಿನ್, ಗ್ಲುಟಮೇಟ್, ಅರ್ಜಿನಿನ್, ಅಡೆನಿಲೇಟ್ ಇದ್ದವು. ಇವುಗಳ ಜೊತೆಗೆ ನಮ್ಮ ನಿಮ್ಮ ಉಪ್ಪಿನ ಎರಡು ಭಾಗಗಳು, ಸೋಡಿಯಂ ಮತ್ತು ಕ್ಲೋರೈಡ್. ಸೋಡಿಯಂ ಬಿಟ್ಟಾಗ ಉಪ್ಪು ಕಡಿಮೆ ಅನ್ನಿಸುವುದಷ್ಟೇ ಅಲ್ಲ, ಏಡಿಯ ರುಚಿಯೇ ಮಾಯವಾಗಿತ್ತು.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದಲ್ಲ ಅನ್ನಿಸಿತು. ಒಂದು ಭಾನುವಾರ ಅರೆಪು ಒಟ್ಟಿಗೆ ಅರೆದು, ನಾಲ್ಕು ಸಣ್ಣ ಪಾತ್ರೆಗೆ ಹಂಚಿದೆ. ಒಂದರಲ್ಲಿ ಎಲ್ಲವೂ. ಒಂದರಲ್ಲಿ ಬಸಳೆಯಿಲ್ಲ. ಒಂದರಲ್ಲಿ ಸಿಗಡಿಯಿಲ್ಲ. ಒಂದರಲ್ಲಿ ಎಲ್ಲವೂ ಇದೆ, ಉಪ್ಪಿಲ್ಲ. ಸಿಗಡಿ ಇದ್ದ ಪಾತ್ರೆಗೆಲ್ಲ ಎಣಿಸಿ ಆರಾರು. ಮನೆಯವರಿಗೂ ಮಗಳಿಗೂ ಯಾವುದರಲ್ಲಿ ಏನಿದೆ ಎಂದು ಹೇಳದೆ, ತಿಳಿಯನ್ನು ಮಾತ್ರ ಚಮಚದಲ್ಲಿ ಕೊಟ್ಟೆ.

ಉಪ್ಪಿಲ್ಲದ್ದನ್ನು ಬಾಯಿಗಿಟ್ಟ ಮಗಳು ಕೇಳಿದಳು: "ಇದಕ್ಕೆ ಸಿಗಡಿನೇ ಹಾಕ್ಲಿಲ್ವಾ ಅಮ್ಮ?" ಉಪ್ಪಿಲ್ಲ ಅನ್ನಲಿಲ್ಲ, ಸಿಗಡಿಯಿಲ್ಲ ಅಂದಳು. ಏಡಿಯ ಪ್ರಯೋಗದಲ್ಲಿ ಆದದ್ದೂ ಇದೇ. ಬಸಳೆಯಿಲ್ಲದ್ದು ತಮ್ಮ ಬಂದ ದಿನದ ಪದಾರ್ಥದ ಹಾಗೆಯೇ ಇತ್ತು, ಮೊದಲ ಚಮಚದಲ್ಲಿ ಜೋರು, ನುಂಗಿದ ಮೇಲೆ ಏನೂ ಉಳಿಯಲಿಲ್ಲ. ಸಿಗಡಿಯಿಲ್ಲದ್ದು ಒಳ್ಳೆಯ ಬಸಳೆ ಗಸಿ, ಅದನ್ನು ನಾನು ಕೀಳೆನ್ನಲಾರೆ, ಅದು ಬೇರೆ ಅಡುಗೆ. ಎಲ್ಲವೂ ಇದ್ದ ಪಾತ್ರೆಯ ಹತ್ತಿರ ಇಬ್ಬರ ಕೈಯೂ ಎರಡನೇ ಸಲ ಬಂತು.

ಬಿಡಿ ಗ್ಲುಟಮೇಟ್ ತರಕಾರಿಗಳಲ್ಲಿ ಅಷ್ಟಿಷ್ಟು ಇದ್ದೇ ಇರುತ್ತದೆ, ಹಣ್ಣಾದ ಟೊಮೆಟೊದಲ್ಲಿ ಬಹಳ. ನಮ್ಮ ಮನೆಯ ಬಸಳೆ ಪದಾರ್ಥಕ್ಕೆ ಟೊಮೆಟೊ ಬಂದದ್ದು ಅಮ್ಮನ ಕಾಲಕ್ಕೆ. ಅಜ್ಜಿ ಹಾಕುತ್ತಿದ್ದುದು ಹುಣಸೆ, ಒಮ್ಮೊಮ್ಮೆ ಬಿಂಬುಳಿ. ಬಸಳೆಗೆ ಇನ್ನೊಂದು ಗುಣ ಅದರ ಲೋಳೆ. ಅರೆಪನ್ನು ಅದು ತಳ ಸೇರಲು ಬಿಡುವುದಿಲ್ಲ, ರಸ ನಾಲಿಗೆಯಿಂದ ಕೂಡಲೇ ಜಾರುವುದಿಲ್ಲ. ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ರುಚಿಯೇ ತಾನೇ.

ಅಷ್ಟಾದರೂ ಅಮ್ಮನ ಕೈಯ ಪದಾರ್ಥ ಇನ್ನೂ ಒಂದು ಮೆಟ್ಟಿಲು ಮೇಲಿತ್ತು. ಅದು ಏನೆಂದು ಗೊತ್ತಾದದ್ದು ಊರಿಗೆ ಹೋಗಿ ಅವಳ ಪಕ್ಕದಲ್ಲಿ ಕೂತಾಗ. ಬುಟ್ಟಿ ಹೊತ್ತು ಬಂದ ಮೀನಿನ ಅಕ್ಕನ ಹತ್ತಿರ ಅಮ್ಮ ತೆಗೆದುಕೊಂಡದ್ದು ಸಣ್ಣ ಸಿಗಡಿ, ತಲೆಸಹಿತ. ಬಾವಿಕಟ್ಟೆಯ ಹತ್ತಿರ ಕೂತು ಒಂದೊಂದರ ತಲೆ ಮುರಿದು ಒಂದು ಗೆರಟೆಗೆ, ಮೈ ಇನ್ನೊಂದಕ್ಕೆ. ತಲೆಗಳನ್ನು ಎಸೆಯಲಿಲ್ಲ. ನಾಲ್ಕು ನೀರಲ್ಲಿ ತೊಳೆದು, ಚೂರು ಅರಸಿನ ಹಾಕಿ ಕುದಿಸಿದಳು. ನೊರೆ ಬಂತು, ಸೌಟಿನಿಂದ ತೆಗೆದಳು. ನೀರು ಮೆಲ್ಲಗೆ ಕೇಸರಿ ಬಣ್ಣಕ್ಕೆ ತಿರುಗಿತು. ಅದನ್ನು ಸೋಸಿ, ಆ ನೀರಿಗೆ ಬಸಳೆಯ ದಂಟನ್ನು ಬೆರಳುದ್ದ ಮುರಿದು ಹಾಕಿದಳು. ದಂಟು ಅರ್ಧ ಬೆಂದ ಮೇಲೆ ಎಲೆ, ಈರುಳ್ಳಿ. ಆಮೇಲೆ ಅರೆಪು. ಸಿಗಡಿಯ ಮೈ ಬಿದ್ದದ್ದು ಎಲ್ಲಕ್ಕೂ ಕೊನೆಗೆ, ಒಂದು ಕುದಿಗೆ ಮಾತ್ರ. ನಾನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ತೆಗೆಸುತ್ತಿದ್ದ ತಲೆ ಇಲ್ಲಿ ಅರ್ಧ ಪದಾರ್ಥವಾಗಿತ್ತು.

"ಇದನ್ನು ಮೊದಲೇ ಹೇಳ್ಬಾರ್ದಿತ್ತಾ ಅಮ್ಮ?"

"ಕೇಳಿದ್ದು ಯಾವಾಗ ನೀನು?"

ಆ ಕೇಸರಿ ಬಣ್ಣಕ್ಕೂ ಒಂದು ಕತೆಯಿದೆ. ಹಸಿ ಸಿಗಡಿ ಬೂದು, ತುಸು ಹಸಿರು. ಬಿಸಿ ತಾಗಿದ ಕ್ಷಣಕ್ಕೆ ಕೆಂಪು. ಕೆಂಪು ಆಗ ಹುಟ್ಟುವುದಲ್ಲ, ಮೊದಲೇ ಅಲ್ಲಿರುತ್ತದೆ. ಅದರ ಹೆಸರು ಅಸ್ಟಾಕ್ಸಾಂಥಿನ್. 1938ರಲ್ಲಿ ಕುಹ್ನ್ ಮತ್ತು ಸೊರೆನ್ಸನ್ ಎಂಬ ವಿಜ್ಞಾನಿಗಳು ದೊಡ್ಡ ಕಡಲೇಡಿ ಲಾಬ್‌ಸ್ಟರ್‌ನಿಂದ ತೆಗೆದು ಗುರುತಿಸಿದ್ದು. ಜೀವಂತ ಲಾಬ್‌ಸ್ಟರ್‌ನ ಚಿಪ್ಪಿನಲ್ಲಿ ಇದನ್ನು ಕ್ರಸ್ಟಸಯನಿನ್ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದಿರುತ್ತದೆ, ಆ ಹಿಡಿತದಲ್ಲಿ ಕೆಂಪು ನೀಲಿಯಾಗಿ ಕಾಣುತ್ತದೆ. ಹೇಗೆ ಹಿಡಿದಿದೆ ಎಂಬ ಚಿತ್ರ ಸಿಗಲು 2002ರವರೆಗೆ ಕಾಯಬೇಕಾಯಿತು. ಈ ಪ್ರೋಟೀನು ಹರಳುಗಟ್ಟಲು ಒಪ್ಪುತ್ತಿರಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನವೋಮಿ ಚಾಯೆನ್ ಅದನ್ನು ಹರಳುಗಟ್ಟಿಸಿದರು, ಮ್ಯಾಂಚೆಸ್ಟರಿನ ತಂಡದವರು ಎಕ್ಸ್ ಕಿರಣ ಹಾಯಿಸಿ ನೋಡಿದರು. ಎರಡು ಅಸ್ಟಾಕ್ಸಾಂಥಿನ್ ಅಣುಗಳು ಪ್ರೋಟೀನಿನ ನಡುವೆ ಒಂದರ ಮೇಲೊಂದು ಅಡ್ಡಹಾಯ್ದು ಬಾಗಿ ಕೂತಿದ್ದವು. ಸಿಗಡಿಯ ಸಿಪ್ಪೆಯಲ್ಲೂ ಇದೇ ಸಂಬಂಧ. ಬಿಸಿ ತಾಗಿದರೆ ಪ್ರೋಟೀನು ಸಡಿಲವಾಗುತ್ತದೆ, ಕೆಂಪು ಬಿಡುಗಡೆಯಾಗುತ್ತದೆ.

ಈ ಕೆಂಪು ನೀರಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ತೆಂಗಿನಕಾಯಿಯ ಕೆಲಸ ಇರುವುದು ಇಲ್ಲಿ. ಹಸಿ ಕಾಯಿಯಲ್ಲಿ ಮೂರನೇ ಒಂದು ಪಾಲು ಕೊಬ್ಬೇ. ಅರೆದಾಗ ಅದು ಸಣ್ಣ ಸಣ್ಣ ಹನಿಯಾಗಿ ನೀರಲ್ಲಿ ಹರಡುತ್ತದೆ, ಹನಿಗಳ ಸುತ್ತ ಕಾಯಿಯದೇ ಪ್ರೋಟೀನು ತೆಳು ಪೊರೆಯಾಗಿ ನಿಲ್ಲುತ್ತದೆ. ಸಿಗಡಿಯ ಬಣ್ಣ, ಮೆಣಸಿನ ಬಣ್ಣ, ಮೆಣಸಿನ ಖಾರ, ಬೆಳ್ಳುಳ್ಳಿಯ ಪರಿಮಳ ಎಲ್ಲವೂ ಎಣ್ಣೆಗೆ ಒಲಿಯುವಂಥವು. ಅವು ಈ ಹನಿಗಳಲ್ಲಿ ಸೇರಿಕೊಳ್ಳುತ್ತವೆ. ಖಾರ ನಾಲಿಗೆಗೆ ಒಮ್ಮೆಲೇ ಹೊಡೆಯದೆ ನಿಧಾನಕ್ಕೆ ತಲುಪುವುದು ಇದರಿಂದ. ಜೋರು ಉರಿಯಲ್ಲಿ ಹೆಚ್ಚು ಹೊತ್ತು ಕುದಿಸಿದರೆ ಪೊರೆ ಹರಿದು ಎಣ್ಣೆ ಮೇಲೆ, ಕಾಯಿ ತರಿ ಕೆಳಗೆ, ಪದಾರ್ಥ ಒಡೆಯುತ್ತದೆ. ಹಾಗಾಗಿ ಒಂದು ಕುದಿ ಮಾತ್ರ. ಅಮ್ಮನ ಮಣ್ಣಿನ ಅಳಗೆಯಲ್ಲಿ ಆ ಒಂದು ಕುದಿ ಬರುವಾಗ ಬಗ್ಗಿ ನೋಡಿದೆ. ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಕೇಸರಿ ಕಣ್ಣುಗಳು ಒಂದೊಂದಾಗಿ ತೆರೆದವು. ನಡುವೆ ಬಸಳೆಯ ದಂಟು, ಸುರುಳಿ ಸುತ್ತಿಕೊಂಡ ಸಿಗಡಿ. ಅವಳು ಒಲೆಯ ಸೌದೆ ಹಿಂದಕ್ಕೆಳೆದಳು.

ಆ ಅಳಗೆಯ ಬಸಳೆಯ ಹೆಸರಿಗೂ ಒಂದು ಕತೆಯಿದೆ. ಅದರ ವೈಜ್ಞಾನಿಕ ಹೆಸರು ಬಸೆಲ್ಲಾ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಆ ಹೆಸರು ಇಟ್ಟದ್ದು ತಾನಾಗಿ ಕಟ್ಟಿಯಲ್ಲ, ಹೋರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಸಸ್ಯಗ್ರಂಥದ ಏಳನೆಯ ಸಂಪುಟದಿಂದ ತೆಗೆದುಕೊಂಡು. ಕೊಚ್ಚಿಯ ಡಚ್ ಗವರ್ನರ್ ವಾನ್ ರೀಡ್ ಬರೆಸಿದ ಆ ಪುಸ್ತಕಕ್ಕೆ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರೂ, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಗಿಡಗಳ ಸುದ್ದಿ ಒದಗಿಸಿದವರು. ಕರಾವಳಿಯ ಬಾಯಿಮಾತಿನ ಬಸಳೆಯ ಹೆಸರೇ ಲ್ಯಾಟಿನ್ನಿನಲ್ಲಿ ಕೂತಿತು. 1678ರಲ್ಲಿ ಬಂದ ಆ ಗ್ರಂಥದ ಮೊದಲ ಸಂಪುಟ ಶುರುವಾಗುವುದೇ ತೆಂಗಿನಿಂದ. ತೆಂಗು, ಬಸಳೆ ಎರಡೂ ಒಂದೇ ಗ್ರಂಥದಲ್ಲಿ! ಒಂದೇ ಅಳಗೆಯಲ್ಲಿ ಬೇಯುವವು ಎಂದೇ ನನಗೆ ಇದರ ಮೇಲೆ ಪ್ರೀತಿ. ಮೆಣಸಿನಕಾಯಿ ಮಾತ್ರ ಹೊರಗಿನಿಂದ ಬಂದದ್ದು, ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೆ ಮೊದಲು ಇಲ್ಲಿ ಖಾರ ಎಂದರೆ ಕಾಳುಮೆಣಸು.

ಹೋದ ಜೂನಿನಲ್ಲಿ ಊರಿಗೆ ಹೋಗಿದ್ದೆ. ಬೋಟುಗಳೆಲ್ಲ ದಡ ಸೇರಿದ್ದವು. ಹಿತ್ತಲಿನ ಬಸಳೆ ಚಪ್ಪರದ ಮೇಲೆ ಮಳೆ ಸುರಿಯುತ್ತಿತ್ತು, ಬಳ್ಳಿ ಬೆರಳು ದಪ್ಪ ಆಗಿತ್ತು. ಅಮ್ಮ ಡಬ್ಬಿಯಿಂದ ಒಂದು ಹಿಡಿ ಒಣ ಸಿಗಡಿ ತೆಗೆದಳು. ತಲೆ, ಬಾಲ ಚಿವುಟಿ, ಓಡಿನಲ್ಲಿ ಬೆಚ್ಚಗೆ ಹುರಿದಳು. ಅಡುಗೆಮನೆಯಲ್ಲೆಲ್ಲ ಅದರ ವಾಸನೆ ತುಂಬಿತು. ಕೊಡೆ ಹಿಡಿದು ಹೋಗಿ ನಾನು ಬಳ್ಳಿ ಕೊಯ್ದು ತಂದೆ. ಕುಚ್ಚಲಕ್ಕಿ ಅನ್ನ ಆಗಲೇ ಬಸಿದಾಗಿತ್ತು.

ಜಪಾನಿನ ಪ್ರೊಫೆಸರರ ಕತೆಯನ್ನು ದಂಟು ಮುರಿಯುತ್ತ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿದಳು. ಮರುವಾಯಿಯ ಚಿಪ್ಪಿನ ಭಾಗ ಅವಳಿಗೆ ಹಿಡಿಸಿತು, ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ ಕೇಳಿದಳು: "ಅವರು ಕಡಲಪಾಚಿ ಮತ್ತು ಒಣಮೀನು ಹಾಕ್ತಾರೆ ಅಂದ್ಯಲ್ಲ, ಕಾಯಿ ಹಾಕುದಿಲ್ವಾ?"

"ಇಲ್ಲಮ್ಮ. ಅವರಲ್ಲಿ ತೆಂಗು ಬೆಳೆಯುದಿಲ್ಲ."

"ಪಾಪ" ಎಂದಳು, ನಿಜವಾಗಿಯೂ ಬೇಸರದಿಂದ.

ಅಳಗೆಯಲ್ಲಿ ಕುದಿ ಬಂತು. ಸೌಟಿನ ತುದಿಯಿಂದ ಒಂದು ತೊಟ್ಟು ನನ್ನ ಅಂಗೈಗೆ ಬಿಟ್ಟು "ಉಪ್ಪು ನೋಡು" ಅಂದಳು. ನೆಕ್ಕಿ ನೋಡಿದೆ. ಸಿಗಡಿ ಇನ್ನೂ ದೂರದಲ್ಲಿತ್ತು.

"ಚೂರು ಬೇಕಮ್ಮ."

ಅವಳು ಮರಿಗೆಯಿಂದ ಎಣಿಸಿದ ಹಾಗೆ ನಾಲ್ಕು ಹರಳು ಕಲ್ಲುಪ್ಪು ತೆಗೆದು ಹಾಕಿ, ಸೌಟಿನಿಂದ ಒಂದು ಸುತ್ತು ತಿರುಗಿಸಿ, ಇನ್ನೊಂದು ತೊಟ್ಟು ಬಿಟ್ಟಳು.